ಉಗುಳು ಹಚ್ಚಿದರೆ ತಿರುಗುವ ಕರಡ

ಕೊಂಕಲ್ ಕಡೆಯ ಓದುಗರೊಬ್ಬರ ಪ್ರಶ್ನೆ: ‘ಗುಡ್ಡದಾಗಿನ ಕರಡದ ಮುಳ್ಳು ಧೋತರಕ್ಕ ಚುಚ್ಚಿದ್ರ ಬಿಡಂಗಿಲ್ಲ. ಅಂಗೈಯಾಗ ಇಟ್ಟು ಉಗುಳು ಹಚ್ಚಿದ್ರ ಗಿರಗಿರ ತಿರಗ್ತದ. ಅದರಾಗ ಜೀವ ಅದೇನ್ರಿ? ದೆವ್ವದ ಹುಲ್ಲು ಅಂತಾರ ಮಂದಿ.’

ಬರೀ ಕರಡ ಎಂದರೆ ಗುರುತು ಸಿಗದು. ಒಣಗಿದ ಮೇಲೆ ಹತ್ತಾರು ಹುಲ್ಲಿಗೂ ಅದೇ ಹೆಸರು. ಎಲೆ ಹಿಸುಕಿದಾಗ ಘಮ್ಮೆಂದರೆ ಅದು ರೋಷಾ ಹುಲ್ಲಿನ ಬಳಗ, ಬಿಟ್ಟುಬಿಡಿ. ಬುಡ ಚಪ್ಪಟೆಯಾಗಿ, ಗುಂಪುಗುಂಪಾಗಿ ಬೆಳೆದು, ತೆನೆಯಿಂದ ಹೊರಟ ಕಪ್ಪು ಕೂದಲುಗಳು ತುದಿಯಲ್ಲಿ ಜಡೆಯಂತೆ ಹೆಣೆದುಕೊಂಡಿದ್ದರೆ ಅದೇ ನಿಮ್ಮ ಹುಲ್ಲು: ಹೆಟೆರೊಪೋಗಾನ್ ಕಂಟಾರ್ಟಸ್. 

ಒಂದು ಬೀಜ ಕಿತ್ತು ಭೂತಗನ್ನಡಿಯಲ್ಲಿ ನೋಡಿ. ಮೂತಿ ಸೂಜಿಯಷ್ಟು ಚೂಪು. ಅದರ ಸುತ್ತ ಕಂದು ರೋಮ, ಎಲ್ಲವೂ ಹಿಮ್ಮುಖ. ಹಾಗಾಗಿ ಒಳಗೆ ಹೋಗುವುದು ಸಲೀಸು, ಹೊರಗೆ ಬರುವುದು ಕಷ್ಟ. ಮೇಲಿನ ಕಪ್ಪು ಕೂದಲು ಸತ್ತ ನಾರು. ಜೀವದ ಮಾತೇ ಇಲ್ಲ. ಆ ನಾರಿನ ಎಳೆಗಳು ಓರೆಯಾಗಿ ಸುತ್ತಿಕೊಂಡಿವೆ. ನೀರು ಹೀರಿದಾಗ ಉಬ್ಬಿ ಹುರಿ ಬಿಚ್ಚುತ್ತದೆ, ಒಣಗಿದಾಗ ಮತ್ತೆ ಬಿಗಿಯುತ್ತದೆ. ಬಾಗಿದ ತುದಿ ಕಲ್ಲಿಗೋ ಪಕ್ಕದ ಕಡ್ಡಿಗೋ ಆತುಕೊಂಡಿತೆಂದರೆ, ಒದ್ದೆಯಾಗಿ ಒಣಗುವ ಪ್ರತಿ ಸರದಿಯಲ್ಲೂ ಬೀಜ ಮಣ್ಣಿನೊಳಗೆ ಒಂದಿಷ್ಟು ಕೊರೆದು ಇಳಿಯುತ್ತದೆ. ಉಗುಳಿನ ಬದಲು ಬಾವಿ ನೀರು ಹಚ್ಚಿ ನೋಡಿ, ನಿಮ್ಮ ದೆವ್ವ ಅದಕ್ಕೂ ಅಷ್ಟೇ ಕುಣಿಯುತ್ತದೆ!

ಮೋಸಹೋದವರಲ್ಲಿ ನಾವೇ ಮೊದಲಿಗರಲ್ಲ. 1665ರಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಕಾಡು ಓಟ್ಸ್‌ನ ಇಂಥದ್ದೇ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ. ಗಾರುಡಿಗರು ಅದನ್ನು ಅರೇಬಿಯಾದ ಜೇಡನ ಕಾಲೆಂದು ತೋರಿಸಿ ಜನರನ್ನು ಬೆರಗುಗೊಳಿಸುತ್ತಿದ್ದರಂತೆ. ಹುಕ್ ಅದೇ ಕೂದಲಿನಿಂದ ಗಾಳಿಯ ತೇವ ಅಳೆಯುವ ಉಪಕರಣ ಮಾಡಿದ. 1876ರಲ್ಲಿ ಚಾರ್ಲ್ಸ್ ಡಾರ್ವಿನ್ನನ ಮಗ ಫ್ರಾನ್ಸಿಸ್ ಇನ್ನೊಂದು ಜಾತಿಯ ಹುಲ್ಲಿನಲ್ಲಿ ಈ ತಿರುಚಾಟವನ್ನು ಬಿಡಿಸಿಟ್ಟ.

ಕುರಿಗಾರರಿಗೆ ಮಾತ್ರ ಇದು ತಮಾಷೆಯಲ್ಲ. ಎಳೆಯದಿದ್ದಾಗ ಒಳ್ಳೆಯ ಮೇವು. ತೆನೆ ಬಲಿತರೆ ಅದೇ ಸೂಜಿ ಉಣ್ಣೆಗೆ ಸಿಕ್ಕಿ ಚರ್ಮಕ್ಕೂ ಇಳಿಯುತ್ತದೆ. ಕಾಟ ತಪ್ಪಲೆಂದು ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಇಡುವವರಿಗೆ ಒಂದು ಮಾತು: ಬೆಂಕಿ ಸುಡುವುದು ಮೇಲಿನ ಕಡ್ಡಿಯನ್ನು. ಬೀಜ ಆಗಲೇ ಮಣ್ಣಿನಡಿ ಸೇರಿರುತ್ತದೆ, ಬುಡ ಮಳೆಗೆ ಮತ್ತೆ ಚಿಗುರುತ್ತದೆ. ಸುಟ್ಟುಹೋಗುವುದು ಪಕ್ಕದ ಎಳೆ ಸಸಿಗಳು.