ನಿಂತ ಬಂಡಿಗೆ ನಾಲ್ಕು ಕಾಲು

ಓಡುವ ಬಂಡಿಯ ವಿಚಾರವನ್ನು ಎಲ್ಲರೂ ಮಾಡುವರು. ನಿಂತ ಬಂಡಿಯ ವಿಚಾರವನ್ನು ಮಾಡುವವರು ವಿರಳ. ಎತ್ತು ಬೆದರೀತು, ಗಾಲಿ ಕಳಚೀತು, ಮೋಟಾರು ಹಾದಿ ಬಿಟ್ಟೀತು ಎಂಬ ಭೀತಿಯು ನಮಗೆ ಸಹಜವಾಗಿಯೇ ಇರುತ್ತದೆ. ಆದರೆ ನಿಂತ ಬಂಡಿಯೂ ಜಾರಬಲ್ಲದು, ವಾಲಬಲ್ಲದು, ಕೆಳಗಿದ್ದವನ ಮೇಲೆ ಕುಸಿಯಬಲ್ಲದು ಎಂಬುದನ್ನು ಅನರ್ಥವು ಒದಗಿದ ಮೇಲೆಯೇ ನಾವು ನೆನೆಯುತ್ತೇವೆ. ಈಗ ಹಳ್ಳಿಯ ಮನೆಗಳ ಮುಂದೆ ಸಹ ಟ್ರ್ಯಾಕ್ಟರು, ಟ್ರೇಲರು, ಮೋಟಾರುಗಳು ನಿಲ್ಲುತ್ತಿರುವದರಿಂದ ಈ ವಿಷಯವನ್ನು ಗೃಹಸ್ಥರ ಮುಂದಿಡುವದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇವೆ.

ನಮ್ಮದು ಹುನಗುಂದ ಸೀಮೆಯ ರಾಮಥಾಳ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವೂ, ಚಾಲುಕ್ಯರ ಐಹೊಳೆಯೂ ಇದೇ ಸೀಮೆಯವು. ಇಲ್ಲಿ ಬಾಳಿದವರಿಗೆ ಚಕ್ಕಡಿಯು ಮೊದಲನೆಯ ಗುರು. ಎರಡೇ ಗಾಲಿಗಳ ಈ ಬಂಡಿಯು ಎತ್ತುಗಳ ಹೆಗಲಿರುವವರೆಗೆ ಮಾತ್ರ ಸಮವಾಗಿರುವದು. ಕೊಳ್ಳು ಹರಿದೊಡನೆ ಮುಂದಿನ ಮೂಕಿಯು ನೆಲಕ್ಕೆ ಬೀಳುವದು. ಹಿಂಬದಿಗೆ ಹೆಚ್ಚು ಚೀಲಗಳನ್ನು ಹೇರಿದರೆ ಅದೇ ಮೂಕಿಯು ಆಕಾಶಕ್ಕೇಳುವದು. ಆದಕಾರಣ ನಮ್ಮ ಹಿರಿಯರು ಮುಂದೊಂದು ಕವಲುಗೋಲನ್ನೂ, ಹಿಂದೊಂದು ಗಟ್ಟಿ ಆನಿಕೆಯನ್ನೂ ಕೊಟ್ಟು, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಇಟ್ಟು, ಆ ಮೇಲೆಯೇ ಹೇರಲು ತೊಡಗುತ್ತಿದ್ದರು. ಬಾದಾಮಿಯ ಬನಶಂಕರಿಯ ತೇರು ಬನದ ಹುಣ್ಣಿಮೆಯ ದಿನ ಸಾಗುವಾಗ ಕಣ್ಣಿಟ್ಟು ನೋಡಿದವರಿಗೆ ಇನ್ನೊಂದು ಪಾಠವಿದೆ: ಮಿಣಿ ಹಿಡಿದೆಳೆಯುವವರು ನೂರಾರು ಜನ, ಆದರೆ ತೇರನ್ನು ನಿಲ್ಲಿಸುವವರು ಗಾಲಿಯ ಬಳಿ ಮರದ ಬೆಣೆ ಹಿಡಿದ ಕೆಲವೇ ಜನ.

ಇದರಲ್ಲಿ ಎರಡು ಕಾರ್ಯಗಳಿವೆ; ಇವುಗಳನ್ನು ಬೇರೆ ಬೇರೆಯಾಗಿ ತಿಳಿಯತಕ್ಕದ್ದು. ಒಂದು ಸಮಗೊಳಿಸುವದು, ಇನ್ನೊಂದು ಸ್ಥಿರಗೊಳಿಸುವದು. ಒಲೆಯ ಮೇಲಿನ ಹಂಚು ಓರೆಯಾದರೆ ಎಣ್ಣೆಯು ಒಂದೇ ಬದಿಗೆ ಹರಿಯುವದನ್ನು ಗೃಹಿಣಿಯರು ಬಲ್ಲರು. ಅದು ಸಮತೆಯ ಕೊರತೆ. ತಗ್ಗುದಿನ್ನೆಯ ನೆಲದ ಮೇಲೆ ನಾಲ್ಕು ಕಾಲಿನ ಮಂಚವು ಕುಲುಕುವದು; ಅದು ಸ್ಥೈರ್ಯದ ಕೊರತೆ. ಮೂರು ಕಾಲಿನ ಮಣೆಯು ಎಂಥ ನೆಲದಲ್ಲಿಯೂ ಕುಲುಕಲಾರದು, ಯಾಕೆಂದರೆ ಅದರ ಮೂರು ಕಾಲುಗಳೂ ಯಾವಾಗಲೂ ನೆಲವನ್ನು ಮುಟ್ಟಿಯೇ ಇರುವವು. ನಾಲ್ಕನೆಯ ಕಾಲು ಬಂದೊಡನೆ ಅದಕ್ಕೆ ತಕ್ಕ ಎತ್ತರವನ್ನು ಹುಡುಕಿ ಕೊಡಬೇಕಾಗುವದು. ಬಂಡಿಯ ಗುರುತ್ವಕೇಂದ್ರದಿಂದ ಕೆಳಗಿಳಿಸಿದ ತೂಗುಗುಂಡಿನ ದಾರವು ಕಾಲುಗಳ ನಡುವಿನ ಸ್ಥಳದೊಳಗೇ ಬಿದ್ದರೆ ಬಂಡಿಯು ನಿಲ್ಲುವದು. ಹೊರಗೆ ಬಿದ್ದರೆ ಉರುಳುವದು. ಕಾಲುಗಳನ್ನು ಅಗಲಿಸಿದಷ್ಟೂ ನಿಲುವು ಭದ್ರ.

ಬಂಡಿಯನ್ನೆತ್ತುವ ಜಾಕಿನಲ್ಲಿ ಮುಖ್ಯವಾಗಿ ಎರಡು ಜಾತಿ. ತಿರುಪಿನ ಜಾಕು ಒಂದು. ತಿರುಪಿನ ಹಲ್ಲುಗಳ ಇಳಿಜಾರು ಅತಿ ಸಣ್ಣದಾಗಿರುವದರಿಂದ ಕೈಯ ಅಲ್ಪ ಬಲವು ದೊಡ್ಡ ಭಾರವನ್ನು ಮೆಲ್ಲಗೆ ಏರಿಸುವದು. ಕೈ ಬಿಟ್ಟರೂ ತಿಕ್ಕಾಟದ ಬಲದಿಂದ ಭಾರವು ತಾನಾಗಿ ಇಳಿಯದು. ಎಣ್ಣೆಯ ಜಾಕು ಇನ್ನೊಂದು. ಮುಚ್ಚಿದ ಪಾತ್ರೆಯ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ತೋರಿಸಿದನು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬವನು 1795ರಲ್ಲಿ ಅದೇ ತತ್ತ್ವದ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದನು. ಒಂದು ಚದರ ಅಂಗುಲದ ಸಣ್ಣ ಕೊಂತದ ಮೇಲೆ 50 ಕಿಲೋ ಭಾರ ಹಾಕಿದರೆ, 20 ಚದರ ಅಂಗುಲದ ದೊಡ್ಡ ಕೊಂತವು 1000 ಕಿಲೋವನ್ನು ಎತ್ತುವದು. ಆದರೆ ಪ್ರಕೃತಿಯು ಪುಕ್ಕಟೆಯಾಗಿ ಏನನ್ನೂ ಕೊಡಳು. ಸಣ್ಣದು 20 ಅಂಗುಲ ಇಳಿದರೆ ದೊಡ್ಡದು ಏರುವದು ಒಂದೇ ಅಂಗುಲ. ಇನ್ನೊಂದು ದೋಷವೂ ಇದರಲ್ಲಿದೆ: ಒಳಗಿನ ಬಿರಡೆ ಸವೆದು ಎಣ್ಣೆ ಸೋರಿದರೆ ಎತ್ತಿದ ಭಾರವು ಸದ್ದಿಲ್ಲದೆ ಇಳಿಯತೊಡಗುವದು. ಅದಕ್ಕಾಗಿಯೇ ಜಾಕು ಎತ್ತುವದಕ್ಕೆ ಮಾತ್ರ, ಹೊರುವದಕ್ಕಲ್ಲ ಎಂದು ಅನುಭವಸ್ಥರು ಹೇಳುವರು.

ಈ ಕಾಲುಗಳನ್ನು ಮೈಯಲ್ಲಿಯೇ ಹೊತ್ತು ತಿರುಗುವ ಬಂಡಿಗಳೂ ಉಂಟು. ಕಾಲುವೆ ತೋಡುವ ಜೆಸಿಬಿಯು ಹಿಂಬದಿಯ ಎರಡು ಕಾಲುಗಳನ್ನೂರಿದ ಮೇಲೆಯೇ ನೆಲಕ್ಕೆ ಬಾಯಿ ಹಾಕುವದು. ಇಳಕಲ್ಲಿನ ಕೆಂಪು ಗ್ರಾನೈಟಿನಂಥ ಬಂಡೆಗಳನ್ನೆತ್ತುವ ಗಾಲಿಯ ಕ್ರೇನು ಇಕ್ಕೆಲಕ್ಕೂ ತೋಳು ಚಾಚಿ ಕಾಲೂರದಿದ್ದರೆ ಎತ್ತಿದ ಕಲ್ಲೇ ಅದನ್ನು ಉರುಳಿಸೀತು. ಪರದೇಶಗಳಲ್ಲಿ ಗಾಲಿಯ ಮೇಲೆ ಮನೆ ಕಟ್ಟಿಕೊಂಡು ಸಂಚರಿಸುವವರಿದ್ದಾರೆ. ಅವರ ಬಂಡಿಯ ಮೂಲೆಗಳಲ್ಲಿ ಕಾಲುಗಳಿದ್ದು, ಕೆಲವುಗಳಲ್ಲಿ ಗುಂಡಿಯೊಂದನ್ನು ಒತ್ತಿದರೆ ಯಂತ್ರವೇ ಓರೆಯನ್ನಳೆದು ಸಮ ಮಾಡುವದು. ಇದು ಕೇವಲ ನಿದ್ರಾಸುಖಕ್ಕಲ್ಲ. ಉರಿಯ ಶಾಖದಿಂದ ತಂಪು ಹುಟ್ಟಿಸುವ ಅವರ ಪೆಟ್ಟಿಗೆಯೊಳಗೆ ದ್ರವವು ತನ್ನ ಭಾರದಿಂದಲೇ ಹರಿಯಬೇಕಾಗುವದರಿಂದ, ಬಂಡಿಯು ಬಹಳ ಓರೆಯಾಗಿ ನಿಂತರೆ ಆ ಪೆಟ್ಟಿಗೆಯು ಕೆಡುವದು.

ಆದರೆ ನಮ್ಮ ರೈತನಿಗೆ ನಿಕಟವಾದದ್ದು ಕೊಳವೆಬಾವಿ ಕೊರೆಯುವ ಲಾರಿ. ಇದನ್ನು ಕುರಿತು ನಮ್ಮ ಮನೆಯ ಮಾತನ್ನೇ ಹೇಳುವೆವು.

ನಮ್ಮ ತಮ್ಮನು ಕೆಲವು ವರ್ಷಗಳ ಹಿಂದೆ ಸಾಲ ಮಾಡಿ ತನ್ನ ಎರೆಹೊಲದಲ್ಲಿ ಬಾವಿ ಕೊರೆಯಿಸಲು ನಿಶ್ಚಯಿಸಿದನು. ಹಿಂದಿನ ರಾತ್ರಿ ಮಳೆಯಾಗಿತ್ತು. ಲಾರಿಯವರಿಗೆ ಮರುದಿನ ಬೇರೊಂದು ಊರಿಗೆ ಹೋಗುವ ಅವಸರ. ಅವರು ಕಾಲುಗಳನ್ನು ಹಸಿ ನೆಲಕ್ಕೆ ನೇರವಾಗಿ ಊರಿದರು. ಮನೆಯ ಎತ್ತು ಕಾಯುವ ಮುದುಕನು ನಮ್ಮ ಬಳಿಗೆ ಬಂದು, "ಮಾಸ್ತರ, ನೆಲ ಇನ್ನೂ ಹಸಿ ಐತ್ರೀ. ಬುಡಕ್ಕ ಹಲಿಗಿ ಇಡಸ್ರೀ, ಇಲ್ಲಾಂದ್ರ ಕಾಲು ಕುಂದರತಾವ" ಎಂದನು. ಪಾತ್ರೆಗೆ ತುಪ್ಪವು ಆಧಾರವೋ, ತುಪ್ಪಕ್ಕೆ ಪಾತ್ರೆಯು ಆಧಾರವೋ ಎಂಬ ತಾರ್ಕಿಕರ ಚರ್ಚೆಯನ್ನು ನಾವು ಮೂವತ್ತು ವರ್ಷ ಹುಡುಗರಿಗೆ ಹೇಳಿದವರು. ಆದರೆ ಯಂತ್ರವನ್ನು ಬಲ್ಲವರಿಗೆ ನಾವೇನು ಹೇಳುವದೆಂದು ಸಂಕೋಚಪಟ್ಟು ಸುಮ್ಮನಿದ್ದೆವು. ಮಧ್ಯಾಹ್ನದ ಹೊತ್ತಿಗೆ ಒಂದು ಕಾಲು ಗೇಣುದ್ದ ಇಳಿದಿತ್ತು. ಕೊರೆಯುವ ಕಂಬವು ಕಣ್ಣಿಗೆ ಕಾಣುವಷ್ಟು ವಾಲಿತ್ತು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ನೀರೇನೋ ಬಂದಿತು, ಆದರೆ ತೂತು ಸೊಟ್ಟಾಗಿದ್ದುದರಿಂದ ಪಂಪು ನಡುವೆಯೇ ಸಿಕ್ಕಿಕೊಂಡಿತು, ಇಳಿಸಿದ್ದನ್ನು ಮೇಲೆತ್ತಲೂ ಆಗಲಿಲ್ಲ. ನೀರು ಕೆಳಗೆ, ಸಾಲ ಮೇಲೆ. ತಮ್ಮನು ನಮಗೆ ಒಂದು ಮಾತೂ ಅನ್ನಲಿಲ್ಲ, ಮುದುಕನೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚು ನೋವಿನ ಸಂಗತಿ.

ಆ ಮೇಲೆ ಕುಳಿತು ಲೆಕ್ಕ ಹಾಕಿದೆವು. ಲಾರಿಯು 20 ಟನ್ನಿನದೆಂದು ಹಿಡಿದರೆ ನಾಲ್ಕು ಕಾಲುಗಳಲ್ಲಿ ಒಂದೊಂದರ ಪಾಲಿಗೆ 5 ಟನ್ನು. ಪಾದವು 30 ಸೆಂಟಿಮೀಟರಿನ ಚೌಕವಾದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಐದೂವರೆ ಕಿಲೋಗಿಂತ ಹೆಚ್ಚಿನ ಭಾರ ಬೀಳುವದು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುವದು, ಮಳೆಯಲ್ಲಿ ಉಬ್ಬಿ ಮೆತ್ತಗಾಗುವದು. ಹಸಿಯಾದಾಗ ಅಷ್ಟು ಭಾರವನ್ನು ಅದು ತಾಳಲಾರದು. ಅದೇ ಪಾದದ ಕೆಳಗೆ 60 ಸೆಂಟಿಮೀಟರಿನ ಚೌಕದ ದಪ್ಪ ಹಲಗೆಯನ್ನಿಟ್ಟಿದ್ದರೆ ಭಾರವು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತಿತ್ತು. ಇನ್ನು ಓರೆಯ ಲೆಕ್ಕ: ಕಂಬವು ಒಂದೇ ಒಂದು ಅಂಶದಷ್ಟು ವಾಲಿದರೂ 300 ಅಡಿಯ ಆಳದಲ್ಲಿ ತೂತು 5 ಅಡಿಗಿಂತ ಹೆಚ್ಚು ಪಕ್ಕಕ್ಕೆ ಸರಿದಿರುವದು. ಗೌಂಡಿಯ ರಸಮಟ್ಟವೊಂದನ್ನು ಕ್ಷಣಕಾಲ ಇಟ್ಟು ನೋಡಿದ್ದರೆ ಇದು ತಿಳಿಯುತ್ತಿತ್ತು. ಮುದುಕನಿಗೆ ಅಂಕಗಣಿತ ಬಾರದು. ಆದರೆ ಉತ್ತರವು ಮೊದಲೇ ಗೊತ್ತಿತ್ತು.

ಗೃಹಸ್ಥರು ನೆನಪಿನಲ್ಲಿಡಬೇಕಾದ ಕೆಲವು ಮಾತುಗಳನ್ನು ಹೇಳಿ ಮುಗಿಸುವೆವು. ಬಂಡಿಯನ್ನು ಸಾಧ್ಯವಿದ್ದಷ್ಟು ಸಮನೆಲದಲ್ಲಿಯೇ ನಿಲ್ಲಿಸಬೇಕು. ಬ್ರೇಕು ಹಾಕಿದ್ದರೂ ಗಾಲಿಗಳಿಗೆ ಬೆಣೆಯನ್ನಾಗಲಿ, ಒಳ್ಳೇ ಕಲ್ಲನ್ನಾಗಲಿ ಕೊಡಬೇಕು. ಗಾಲಿ ಬಿಚ್ಚುವದಿದ್ದರೆ ಒಳಗಿದ್ದವರನ್ನು ಇಳಿಸಿ, ಗಾಲಿಯು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಆ ಮೇಲೆ ಎತ್ತಬೇಕು. ಜಾಕಿನ ಬುಡಕ್ಕೆ ಅಗಲವಾದ ಗಟ್ಟಿ ಹಲಗೆಯಿರಬೇಕು. ಇಟ್ಟಂಗಿಯು ಭಾರಕ್ಕೆ ಹಠಾತ್ತನೆ ಸಿಡಿಯುವದರಿಂದ ಅದನ್ನು ನಂಬಲಾಗದು. ಜಾಕನ್ನು ಬಂಡಿ ಮಾಡಿದವರು ಗುರುತಿಸಿದ ಸ್ಥಳದಲ್ಲಿಯೇ ಕೊಡಬೇಕು. ಜಾಕೊಂದನ್ನೇ ನೆಚ್ಚಿ ಬಂಡಿಯ ಕೆಳಗೆ ಯಾರೂ ತೂರಬಾರದು. ಮೊದಲು ಭದ್ರವಾದ ಕುದುರೆಯನ್ನೋ ಮರದ ತುಂಡುಗಳನ್ನೋ ಕೊಡಬೇಕು. ಎಳೆಯುವ ಟ್ರ್ಯಾಕ್ಟರನ್ನು ಕಳಚಿದ ಎರಡು ಗಾಲಿಯ ಟ್ರೇಲರು ಚಕ್ಕಡಿಯ ತಂಗಿಯೇ ಸರಿ. ಅದಕ್ಕೂ ಮುಂದೆ ಹಿಂದೆ ಆನಿಕೆ ಬೇಕು. ಮಕ್ಕಳು ಅದರ ಮೂಕಿಯ ಮೇಲೆ ಜೋಕಾಲಿಯಾಡುವದನ್ನು ಕಂಡರೆ ತಾಯಂದಿರು ಕೂಡಲೇ ಇಳಿಸತಕ್ಕದ್ದು.

ತಮ್ಮನ ಹೊಲದಲ್ಲಿ ಈಗ ಎರಡನೆಯ ಬಾವಿಯಿದೆ. ಅದನ್ನು ಕೊರೆಯುವ ದಿನ ನಾವು ಬೆಳಗಿನಲ್ಲಿಯೇ ಹೋಗಿ, ಮನೆಯ ಹಳೆಯ ಬಾಗಿಲನ್ನು ಕೊಯ್ಯಿಸಿ ಮಾಡಿದ ನಾಲ್ಕು ದಪ್ಪ ಹಲಗೆಗಳನ್ನು ಲಾರಿಯ ಕಾಲಿಗೆ ಇಡಿಸಿದೆವು. ಹಲಗೆಗಳನ್ನು ಎಲ್ಲಿಡಬೇಕೆಂದು ತೋರಿಸಿದವನು ಆ ಮುದುಕನೇ; ನಾವು ರಸಮಟ್ಟವನ್ನು ಹಿಡಿದುಕೊಂಡು ಅವನ ಹಿಂದೆ ನಿಂತಿದ್ದೆವು.