ಬ್ಯಾಂಕಾಕ್‌ನಲ್ಲಿ ಮೊದಲ ದಿನ: ಅಗ್ಗದ ಪಯಣ, ದುಬಾರಿ ತಪ್ಪುಗಳು

ಹೊರಗಿನವರು ಬ್ಯಾಂಕಾಕ್ ಎಂದು ಕರೆಯುವ ಮಹಾನಗರಕ್ಕೆ ಥಾಯ್ ಜನರಿಟ್ಟ ಹೆಸರು ‘ಕ್ರುಂಗ್ ಥೇಪ್’. ಇಲ್ಲಿಯ ‘ಥೇಪ್’ ನಮ್ಮ ‘ದೇವ’ ಶಬ್ದದ ಥಾಯ್ ರೂಪ. 2006ರಲ್ಲಿ ಆರಂಭವಾದ ಅಲ್ಲಿಯ ವಿಮಾನ ನಿಲ್ದಾಣದ ಹೆಸರು ‘ಸುವರ್ಣಭೂಮಿ’. ಅದರೊಳಗೆ ಸಮುದ್ರಮಥನದ ಬೃಹತ್ ಶಿಲ್ಪವೂ ಇದೆ. ಆದರೆ ಹೆಸರುಗಳ ಈ ನೆಂಟಸ್ತಿಕೆಯಿಂದಲೇ ಪಯಣಿಗನ ಕೈಚೀಲ ಸುರಕ್ಷಿತವಾಗಿ ಉಳಿಯುವುದಿಲ್ಲ. ಅದಕ್ಕೆ ತಿಳಿವಳಿಕೆ ಬೇಕು.

ಕಡಿಮೆ ಖರ್ಚಿನ ವಿಮಾನಗಳು ಭಾರತದಿಂದ ಅಲ್ಲಿಗೆ ತಲುಪುವುದು ಹೆಚ್ಚಾಗಿ ನಸುಕಿನಲ್ಲಿ. ಸುವರ್ಣಭೂಮಿಯ ನೆಲಮಾಳಿಗೆಯಿಂದ ನಗರಕ್ಕೆ ಹೊರಡುವ ರೈಲು ಬೆಳಗಿನ ಐದೂವರೆಯ ಹೊತ್ತಿಗೆ ಆರಂಭವಾಗುತ್ತದೆ. ಅಲ್ಲಿಯವರೆಗೆ ನಿಲ್ದಾಣದಲ್ಲೇ ಕುಳಿತವನು, ಕೊನೆಯ ನಿಲ್ದಾಣವಾದ ಫಯಾ ಥಾಯ್‌ಗೆ 45 ಬಹ್ತ್‌ಗಳಲ್ಲಿ ಸುಮಾರು ಅರ್ಧ ಗಂಟೆಯಲ್ಲಿ ತಲುಪಬಲ್ಲನು. ಟ್ಯಾಕ್ಸಿಯೇ ಬೇಕಾದರೆ ಮೀಟರ್ ಹಾಕಿಸುವುದು ಅಗತ್ಯ. ಮೀಟರಿನ ಮೊತ್ತದ ಮೇಲೆ 50 ಬಹ್ತ್ ನಿಲ್ದಾಣ ಶುಲ್ಕವೂ ಹೆದ್ದಾರಿಯ ಸುಂಕವೂ ಸೇರುತ್ತವೆ. “ಅರಮನೆ ಇಂದು ಮುಚ್ಚಿದೆ, ಬೇರೆ ಕಡೆ ತೋರಿಸುತ್ತೇನೆ” ಎನ್ನುವ ಅಪರಿಚಿತನ ದಾರಿ ಸಾಮಾನ್ಯವಾಗಿ ಹರಳಿನ ಅಂಗಡಿಯಲ್ಲಿ ಮುಗಿಯುತ್ತದೆ.

ಸಸ್ಯಾಹಾರಿಗಳು ತಿಳಿದಿರಬೇಕಾದ ಒಂದು ಪದ ‘ಜೇ’. ಹಳದಿ ಬಟ್ಟೆಯ ಮೇಲೆ ಕೆಂಪಕ್ಷರದಲ್ಲಿ ಅದನ್ನು ಬರೆದಿರುವ ಅಂಗಡಿಯಲ್ಲಿ ಮಾಂಸವಾಗಲಿ ಮೀನಾಗಲಿ ಇರುವುದಿಲ್ಲ. ಉಳಿದೆಡೆ ಬರಿಯ ತರಕಾರಿ ಪಲ್ಯಕ್ಕೂ ಮೀನಿನ ರಸ ಬೀಳುವುದುಂಟು.

ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಇಂಗ್ಲಿಷಿನ ಅಳುಕು ಕಾಡಬಹುದು. ಆದರೆ ಬ್ಯಾಂಕಾಕ್‌ನ ಬೀದಿ ವ್ಯಾಪಾರಿಗೂ ಇಂಗ್ಲಿಷ್ ಮನೆಮಾತಲ್ಲ. ಎರಡೂ ಕಡೆಯವರು ಬೆರಳೆಣಿಕೆಯಲ್ಲಿ, ಲೆಕ್ಕಯಂತ್ರದಲ್ಲಿ ವ್ಯವಹಾರ ಮುಗಿಸುತ್ತಾರೆ. ಬಸ್ಸಿನ ಫಲಕದಲ್ಲಿ ಒಂದು ಲಿಪಿಯನ್ನೂ ಪಠ್ಯಪುಸ್ತಕದಲ್ಲಿ ಇನ್ನೊಂದನ್ನೂ ಕಂಡು ಬೆಳೆದ ಗಡಿನಾಡಿನ ಮಕ್ಕಳಿಗೆ ಇದು ಹೊಸ ಅನುಭವವೇನಲ್ಲ.

ಹೆಚ್ಚಿನ ಎಚ್ಚರ ಬೇಕಾದದ್ದು ಕಾಗದಪತ್ರಗಳಲ್ಲಿ. 2025ರ ಮೇ 1ರಿಂದ ವಿದೇಶೀಯರು ಆಗಮನಕ್ಕೆ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಪತ್ರವನ್ನು ತುಂಬಬೇಕು. ಅದು ಉಚಿತ, ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಭಾರತೀಯ ಪ್ರವಾಸಿಗರಿಗೆ 2023ರ ನವೆಂಬರಿನಲ್ಲಿ ವೀಸಾ ವಿನಾಯಿತಿ ದೊರೆಯಿತಾದರೂ ಅದರ ಅವಧಿ ಮತ್ತು ನಿಯಮಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ಥಾಯ್ ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡುವುದು ಲೇಸು. ಹಿಂದಿರುಗುವ ಟಿಕೆಟ್, ವಸತಿಯ ವಿಳಾಸ, ಖರ್ಚಿನ ಹಣ ಇವುಗಳನ್ನು ಅಧಿಕಾರಿಗಳು ಕೇಳಬಹುದು. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಹ್ತ್‌ನಂತೆ 20,000ದವರೆಗೆ ದಂಡ ತೆರಬೇಕು.

ವಿನಾಯಿತಿಯು ಪ್ರವಾಸಕ್ಕೆ ಮಾತ್ರ, ದುಡಿಮೆಗಲ್ಲ. ಈ ಒಂದು ವ್ಯತ್ಯಾಸವನ್ನು ಅರಿಯದೆ ಅನೇಕ ತರುಣರು ಕೆಟ್ಟಿದ್ದಾರೆ. ಕಂಪ್ಯೂಟರ್ ಕೆಲಸದ ಆಮಿಷಕ್ಕೆ ಒಳಗಾಗಿ ಬ್ಯಾಂಕಾಕ್‌ಗೆ ಬಂದಿಳಿದವರನ್ನು ಗಡಿಪಟ್ಟಣ ಮೇ ಸೊಟ್‌ಗೆ ಸಾಗಿಸಿ, ಮೊಯಿ ನದಿಯನ್ನು ದಾಟಿಸಿ, ಮ್ಯಾನ್ಮಾರಿನ ಮ್ಯಾವಾಡಿ ಪ್ರದೇಶದ ಸೈಬರ್ ವಂಚನಾ ಕೇಂದ್ರಗಳಲ್ಲಿ ಕೂಡಿಹಾಕಲಾಯಿತು. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರವು ಇಂತಹ 549 ಮಂದಿಯನ್ನು ಮೇ ಸೊಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತಂದಿತು.

ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ ಎಂಬ ನಮೂದು ಇರುತ್ತದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ ಅಂಥವರು ಥಾಯ್ಲೆಂಡ್ ಸೇರಿದಂತೆ ನಿಗದಿತ ದೇಶಗಳಿಗೆ ಉದ್ಯೋಗಕ್ಕಾಗಿ ಹೋಗಲು ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಉದ್ಯೋಗ ಕೊಡಿಸುವ ಏಜೆಂಟನು ನೋಂದಾಯಿತನೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. “ಪ್ರವಾಸಿಯಾಗಿ ಬಾ, ಉಳಿದದ್ದನ್ನು ಅಲ್ಲಿ ನೋಡೋಣ” ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮನೆಯ ಹಿರಿಯರು ಆ ಪಯಣವನ್ನು ತಡೆಯಬೇಕು.