ಬೆಟ್ಟದ ತಿರುವು, ಕಿವಿಯ ಅರಿವು

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳಿಂದ ರಜೆಯ ದಿನ ಮಕ್ಕಳನ್ನು ಕರೆದುಕೊಂಡು ನಂದಿಬೆಟ್ಟಕ್ಕೆ ಹೊರಡುವ ಕುಟುಂಬಗಳು ಹಲವು. ಚಿಕ್ಕಬಳ್ಳಾಪುರದ ಬಯಲು ದಾಟಿ, 1478 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳನ್ನು ವಾಹನ ಏರತೊಡಗಿದಂತೆ ಯಾರಾದರೊಬ್ಬರಿಗೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. 'ಪಿತ್ತ ನೆತ್ತಿಗೇರಿತು' ಎಂದು ನಿಂಬೆಹಣ್ಣು ಮೂಸಿಸುವುದು ನಮ್ಮ ರೂಢಿ. ಆದರೆ ಈ ತೊಂದರೆಯ ಮೂಲವಿರುವುದು ಪಿತ್ತದಲ್ಲಲ್ಲ, ಕಿವಿಯಲ್ಲಿ.

ಕಿವಿಯು ಕೇಳುವುದಕ್ಕೆ ಮಾತ್ರ ಇರುವ ಅಂಗವಲ್ಲ. ಒಳಗಿವಿಯಲ್ಲಿ, ಶಬ್ದವನ್ನು ಗ್ರಹಿಸುವ ಶಂಖಾಕೃತಿಯ ಪಕ್ಕದಲ್ಲಿಯೇ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಒಂದಕ್ಕೊಂದು ಲಂಬವಾಗಿರುವ ಇವುಗಳಲ್ಲಿ ದ್ರವ ತುಂಬಿರುತ್ತದೆ. ನೀರು ತುಂಬಿದ ಬಟ್ಟಲಲ್ಲಿ ಹೂವಿನ ಎಸಳೊಂದನ್ನು ತೇಲಿಬಿಟ್ಟು ಬಟ್ಟಲನ್ನು ಥಟ್ಟನೆ ತಿರುಗಿಸಿ ನೋಡಿ: ಬಟ್ಟಲು ತಿರುಗುತ್ತದೆ, ಎಸಳು ಇದ್ದಲ್ಲೇ ಉಳಿಯುತ್ತದೆ. ತಲೆ ತಿರುಗಿದಾಗಲೂ ನಾಳದ ದ್ರವ ಹೀಗೆಯೇ ಹಿಂದುಳಿದು, ಅಡ್ಡಲಾಗಿರುವ ಮೃದುವಾದ ಪರದೆಯನ್ನು ಬಾಗಿಸುತ್ತದೆ. ಅದರ ಬುಡದ ಸೂಕ್ಷ್ಮ ರೋಮಗಳು ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ.

ಒಂದೇ ವೇಗದಲ್ಲಿ ಸುತ್ತುತ್ತಲೇ ಇದ್ದರೆ ಸುಮಾರು ಅರ್ಧ ನಿಮಿಷದಲ್ಲಿ ದ್ರವವೂ ಜೊತೆಗೂಡಿ, ಸುತ್ತುವ ಅರಿವೇ ಮಾಯವಾಗುತ್ತದೆ. ನಿಂತೊಡನೆ ದ್ರವ ಮಾತ್ರ ಮುಂದೆ ಸಾಗುವುದರಿಂದ ಲೋಕವೇ ಸುತ್ತಿದಂತೆ ಭಾಸವಾಗುತ್ತದೆ. ಗಿರಗಿರನೆ ಸುತ್ತಿ ನಿಂತ ಮಕ್ಕಳು ತೂರಾಡುವುದು ಇದರಿಂದಲೇ. ಮೋಡದೊಳಗೆ ಹೊಕ್ಕ ವಿಮಾನಚಾಲಕನೂ ಹೀಗೆ ಮೋಸಹೋಗಬಲ್ಲನು. ಆದ್ದರಿಂದಲೇ ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ, ತಮ್ಮ ಅನಿಸಿಕೆಗಿಂತ ಉಪಕರಣಗಳನ್ನು ನಂಬುವಂತೆ ಚಾಲಕರಿಗೆ ತರಬೇತಿ ನೀಡಲಾಗುತ್ತದೆ.

ವಾಹನದಲ್ಲಿ ಪುಸ್ತಕ ಓದುವ ಬಾಲಕನಿಗೆ ಕಣ್ಣು 'ನೀನು ಕದಲಿಲ್ಲ' ಎನ್ನುತ್ತದೆ. ಕಿವಿ 'ತಿರುಗಿದೆ' ಎನ್ನುತ್ತದೆ. ಈ ವಿರೋಧವೇ ವಾಕರಿಕೆಗೆ ಕಾರಣ. ಪುಸ್ತಕ ಮುಚ್ಚಿ, ಮುಂದಿನ ದೂರದ ರಸ್ತೆಯನ್ನು ನೋಡುತ್ತಿದ್ದರೆ ಕಣ್ಣು ಕಿವಿಗಳೆರಡೂ ಒಂದೇ ಮಾತು ಹೇಳುತ್ತವೆ.

ಮನೆಯ ಹಿರಿಯರ ವಿಷಯ ಇದಕ್ಕಿಂತ ಗಂಭೀರವಾದುದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕ್ಷಣಕಾಲ ಮನೆಯೇ ತಿರುಗಿದಂತಾಗುವುದುಂಟು. ಒಳಗಿವಿಯ ಸುಣ್ಣದ ಹರಳುಗಳು ತಮ್ಮ ನೆಲೆಯಿಂದ ಕಳಚಿ ನಾಳಕ್ಕೆ ಬಿದ್ದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಂತೆ, ತಲೆಯನ್ನು ನಿರ್ದಿಷ್ಟ ಕೋನಗಳಲ್ಲಿ ಹೊರಳಿಸಿ ಹರಳುಗಳನ್ನು ನಾಳದಿಂದ ಹೊರತರಬಹುದು. ಅದು ಕೆಲವೇ ನಿಮಿಷಗಳ ಚಿಕಿತ್ಸೆ. ಇದನ್ನರಿಯದೆ 'ವಯಸ್ಸಾಯಿತಲ್ಲ' ಎಂದು ಸುಮ್ಮನಿದ್ದರೆ, ರಾತ್ರಿ ಎದ್ದ ಹಿರಿಯರು ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವಿದೆ.

ತಲೆಸುತ್ತಿನೊಡನೆ ಮಾತು ತೊದಲಿದರೆ, ಕೈಕಾಲು ಸೋತರೆ ಅದು ಮಿದುಳಿನ ಆಘಾತವಿರಬಹುದು. ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಉಳಿದಂತೆ ಹಿರಿಯರನ್ನು ಕಿವಿ-ಮೂಗು-ಗಂಟಲಿನ ವೈದ್ಯರ ಬಳಿಗೆ ಒಮ್ಮೆ ಕರೆದೊಯ್ಯುವುದು ಮಕ್ಕಳ ಕರ್ತವ್ಯ.